ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಅಂತ ನಾನು ಪ್ರವಚನ ಶುರು ಮಾಡಿದರೆ ಹಿಂದಿನ ಸಾಲಿನವರು ಗೋಡೆಗೆ ಒರಗಿ ನಿದ್ದೆ ಶುರು ಮಾಡ್ತೀರಿ. ನನಗೆ ಗೊತ್ತು. ಅದಕ್ಕೆ ಇವತ್ತು ಶ್ರೀಮಂತನನ್ನು ಸ್ವಲ್ಪ ಹೊರಗೇ ನಿಲ್ಲಿಸೋಣ. ಮೊದಲು ಊರು ನೋಡಿ. ಅದು ಎಂಥ ಊರು? ಎಲ್ಲರೂ ಸೀನುವ ಊರು.

ನಗಬೇಡಿ. ಮೆಣಸಿನಕಾಯಿ ವ್ಯಾಪಾರದ ಊರು ಅದು. ಅಂಗಡಿ ಮುಂದೆ ಮೆಣಸಿನಕಾಯಿ ರಾಶಿ, ರಸ್ತೆ ಮೇಲೆ ರಾಶಿ, ಶಾಲೆ ಮೈದಾನದಲ್ಲೂ ರಾಶಿ. ಪರವೂರಿನವರು ಬಸ್ಸಿನಿಂದ ಕಾಲು ಕೆಳಗಿಡೋ ಮೊದಲೇ ಸೀನ್ತಾರೆ. ಹೆಣ್ಣು ನೋಡೋಕೆ ಬಂದ ಗಂಡು ತಲೆ ಅಲ್ಲಾಡಿಸಿದರೆ ಒಪ್ಪಿದನೋ ಸೀನಿದನೋ ತಿಳಿಯದೆ ಲಗ್ನಗಳು ಆಗಿಹೋಗಿವೆ. ಅಂಥ ಊರು.

ಈಗ ಶ್ರೀಮಂತ ಒಳಗೆ ಬರಲಿ. ದೃಷ್ಟಾಂತದಲ್ಲಿ ಹೆಸರು ಹೇಳಬಾರದು ಅಂತಾರೆ. ಆದರೆ ಹೆಸರಿಲ್ಲದವನನ್ನು ಎಷ್ಟು ಹೊತ್ತು ಬೈಯೋದು? ರಾಚಪ್ಪ ಅಂತ ಇಟ್ಟುಕೊಳ್ಳೋಣ. ಮೆಣಸಿನಕಾಯಿ ದಲಾಲಿ ಅಂಗಡಿ, ಜೊತೆಗೆ ಮಾಲು ಕೆಡದ ಹಾಗೆ ತಂಪಿನಲ್ಲಿಡೋಕೆ ಒಂದು ದೊಡ್ಡ ಕೋಲ್ಡ್ ಸ್ಟೋರೇಜು. ಒಳ್ಳೆಯ ಮನುಷ್ಯ, ದಾನಿ. ಆದರೆ ಅವನಿಗೆ ಒಂದು ಚಟ ಇತ್ತು. ಕುಡಿತ ಅಲ್ಲ, ಇಸ್ಪೀಟು ಅಲ್ಲ. ಎಲ್ಲವನ್ನೂ ಮೊದಲೇ ಕಾದಿರಿಸೋ ಚಟ! ಮಗಳಿಗೆ ತೊಟ್ಟಿಲು ಮಾಡಿಸೋಕೆ ಬಡಗಿ ಬಂದರೆ, 'ಹೆಂಗೂ ಬಂದೀಯಲ್ಲ, ಮೊಮ್ಮಗಂದೂ ಒಂದು ಮಾಡಿಬಿಡು' ಅಂದವನು. ವರ ಸಿಗೋ ಮೊದಲೇ ಕಲ್ಯಾಣ ಮಂಟಪ ಕಾದಿರಿಸಿದವನು. ತನ್ನ ಸಮಾಧಿಗೂ ಜಾಗ ಹಿಡಿದಿಟ್ಟಿದ್ದ. ಮಧ್ಯಾಹ್ನದ ಹೊತ್ತು ಅಲ್ಲಿ ಯಾವ ಕಡೆಯಿಂದ ನೆರಳು ಬರುತ್ತೆ ಅಂತ ಹೋಗಿ ಕೂತು ನೋಡಿಬಂದಿದ್ದ.

ಈ ರಾಚಪ್ಪನಿಗೆ ಒಬ್ಬಳೇ ಮಗಳು, ದಾನೇಶ್ವರಿ. ಮನೆಯಲ್ಲಿ ದಾನು ಅಂತಿದ್ದರು, ಅಪ್ಪ ಮುದ್ದಿನಿಂದ ತಂಗಿ ಅಂತಿದ್ದ. ಓದಿನಲ್ಲಿ ಚುರುಕು, ಪ್ರಶ್ನೆ ಕೇಳೋದರಲ್ಲಿ ಇನ್ನೂ ಚುರುಕು. ರಸಾಯನಶಾಸ್ತ್ರ ಅಂದರೆ ಊಟ ಬಿಡ್ತಿದ್ದಳು.

ಇನ್ನೊಂದು ಕಡೆ, ಬಹಳ ದೂರದಲ್ಲಿ, ಹಿಮ ಬೀಳುವ ಬೆಟ್ಟದ ಬುಡದಲ್ಲಿ ಒಂದು ವಿಶ್ವವಿದ್ಯಾಲಯ. ಅದರ ಹೆಚ್ಚುಗಾರಿಕೆ ಏನು ಗೊತ್ತೇ? ಅದು ಯಾರನ್ನೂ ಸೇರಿಸಿಕೊಳ್ಳೋದಿಲ್ಲ! ಹೆಚ್ಚುಕಡಿಮೆ ಯಾರನ್ನೂ. ಊರಿಗೆ ಊರೇ ಬಾಗಿಲು ಬಡಿದರೆ ಒಬ್ಬರಿಗೆ ಅರ್ಧ ಬಾಗಿಲು ತೆಗೀತಾರೆ. ಬೇಡ ಬೇಡ ಅಂದಷ್ಟೂ ಅದರ ಹೆಸರು ದೊಡ್ಡದಾಗ್ತಾ ಹೋಯಿತು. ನೋಡಿ, ಜನರ ಸ್ವಭಾವ ಹಾಗೆ. ನಮ್ಮ ಪ್ರಸಾದದ ಸಾಲಿನಲ್ಲೂ 'ಮುಗೀತು' ಅಂದ ಮೇಲೇ ನಿಮಗೆ ಜಾಸ್ತಿ ಹಸಿವು.

ಆ ವಿಶ್ವವಿದ್ಯಾಲಯದಲ್ಲಿ ಒಂದು ಏರ್ಪಾಡು ಇತ್ತು. ಎಲ್ಲರಿಗಿಂತ ಮೊದಲೇ ಅರ್ಜಿ ಹಾಕಬಹುದು, ಉತ್ತರವೂ ಮೊದಲೇ ಬರುತ್ತೆ. ಆದರೆ ಮಾತು ಕೊಡಬೇಕು: ನೀವು ಕರೆದರೆ ನಾನು ಬಂದೇ ಬರ್ತೀನಿ, ಬೇರೆ ಕಡೆ ಹೋಗೋದಿಲ್ಲ. ದಾನು ಇದನ್ನು ಅಪ್ಪನಿಗೆ ಹೇಳಿದಳು. ರಾಚಪ್ಪನ ಕಿವಿಗೆ ಬಿದ್ದದ್ದು ಒಂದೇ ಮಾತು. ಮೊದಲೇ!

"ಅಂದರ ಮುಂಗಡ ಬುಕಿಂಗ್!"

"ಬುಕಿಂಗ್ ಅಲ್ಲಪ್ಪಾ. ಮೊದಲ ಕೇಳೂದು, ಅಷ್ಟ. ಅವರು ಹೂಂ ಅನ್ನಬಹುದು, ಊಹೂಂ ಅನ್ನಬಹುದು. ಇಲ್ಲಾ, ಆಮ್ಯಾಲ ನೋಡೂಣು ಅನ್ನಬಹುದು."

"ಹೂಂ ಅಂತಾರ ಅಂದಿ ಅಲ್ಲ? ಅಷ್ಟು ಸಾಕು ನನಗ."

ಕೇಳಿದಿರಾ? ಮಗಳು ಮೂರು ಹೇಳಿದಳು, ಅಪ್ಪ ಒಂದು ಕೇಳಿದ. ನಾವು ಕೇಳೋದೇ ಹಾಗೆ. ಡಾಕ್ಟರು ಸಕ್ಕರೆ ಬಿಡಿ, ಉಪ್ಪು ಬಿಡಿ, ನಡೀರಿ, ಬೇಕಾದರೆ ಒಂದು ಹಣ್ಣು ತಿನ್ನಿ ಅಂದರೆ ನಾವು ಬಂದು ಮನೆಯಲ್ಲಿ ಹೇಳೋದು ಏನು? 'ಹಣ್ಣು ತಿನ್ನು ಅಂದಾರ!'

ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು. ನಿಮ್ಮ ಬಗ್ಗೆ ನಿಮ್ಮ ಮಾತಿನಲ್ಲೇ ಬರೆಯಿರಿ. ರಾಚಪ್ಪ ಯೋಚನೆ ಮಾಡಿದ. ಇಷ್ಟು ದೊಡ್ಡ ಕೆಲಸವನ್ನು ಹುಡುಗಿ ಕೈಗೆ ಬಿಡೋದೇ? ಊರಿನ ವಕೀಲರನ್ನು ಕರೆಸಿದ. ಮದುವೆ ಮನೆಗಳಲ್ಲಿ ವಧೂವರರ ಮೇಲೆ ಪದ್ಯ ಓದುವ ಒಬ್ಬ ಕವಿಯನ್ನೂ ಕರೆಸಿದ. ಇಬ್ಬರೂ ಕೂತು, ಮಿರ್ಚಿ ಭಜಿ ತಿಂದು, ದಾನುವಿನ ಬಗ್ಗೆ ದಾನುವಿನ ಮಾತಿನಲ್ಲೇ ಬರೆದರು. ಏನು ಬರೆದರು? ಆಕೆ ತೊಟ್ಟಿಲಲ್ಲಿದ್ದಾಗಲೇ ವೀಣೆ ಮುಟ್ಟಿದಳು. ಬತ್ತಿದ ಕೆರೆ ಆಕೆಯ ನೆರಳು ಬಿದ್ದ ಕೂಡಲೇ ತುಂಬಿತು. ಆಕೆ ಹಾಡಿದರೆ ಹಮಾಲರು ಚೀಲ ಕೆಳಗಿಟ್ಟು ಕಣ್ಣೊರೆಸಿಕೊಳ್ತಾರೆ.

ದಾನು ಪೂರ್ತಿ ಓದಿದಳು. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದಳು. "ಅಪ್ಪಾ, ಈಕಿ ಯಾರು? ಎಲ್ಲಿ ಇರ್ತಾಳ? ನಮ್ಮನಿಗೆ ಕರಕೊಂಡು ಬಾ. ನನಗೂ ಒಬ್ಬ ಗೆಳತಿ ಆಗ್ತಾಳ."

ಕವಿಗೆ ಸಿಟ್ಟು ಬಂತು. ವಕೀಲರು ಕೊನೆಯ ಭಜಿ ತಗೊಂಡು ಎದ್ದರು. ದಾನು ತಾನೇ ಕೂತು ಬರೆದಳು, ತಾನೇ ಕಳಿಸಿದಳು, ಕಳಿಸಿ ಆದ ಮೇಲೆ ಅಪ್ಪನಿಗೆ ಹೇಳಿದಳು.

"ಏನಂತ ಬರದಿ?"

"ಸೀನಿನ ಬಗ್ಗೆ."

"ಸೀನು!" ರಾಚಪ್ಪ ಎದೆ ಹಿಡಿದುಕೊಂಡು ಕುಂತ. "ಅಷ್ಟು ದೊಡ್ಡ ವಿಶ್ವವಿದ್ಯಾಲಯಕ್ಕ ಸೀನು ಕಳಿಸಿದಿ? ದೊಡ್ಡವರ ಮುಂದ ಸೀನಬಾರದು ಅಂತ ಸಣ್ಣಾಕಿ ಇದ್ದಾಗಿಂದ ಹೇಳೀನಿ."

ಆದರೆ ಎಷ್ಟು ಹೊತ್ತು? ಮರುದಿನ ಬೆಳಿಗ್ಗೆ ಅವನು ಮತ್ತೆ ಅದೇ ರಾಚಪ್ಪ. ಮೊದಲೇ ಕೇಳಿದ್ದೇವೆ, ಮೊದಲೇ ಸಿಗುತ್ತೆ. ಮಗಳು ಬೇರೆ ಕಾಲೇಜುಗಳಿಗೂ ಅರ್ಜಿ ಬರೆದಿಡ್ತೀನಿ ಅಂದಳು. ಕರೆ ಬಂದರೆ ವಾಪಸ್ ತಗೋಬಹುದು, ಬರದಿದ್ದರೆ ಕೈಯಲ್ಲಿ ಏನಾದರೂ ಇರಬೇಕಲ್ಲ ಅಂದಳು. ರಾಚಪ್ಪ ಕಿವಿ ಮುಚ್ಚಿಕೊಂಡ. "ಅಪಶಕುನ ಮಾತಾಡಬ್ಯಾಡ. ಹಾರ ಕೈಯಾಗ ಹಿಡದು ನಿಂತಾಕಿ ಇನ್ನೊಬ್ಬ ವರನ್ನ ನೋಡ್ತಾಳೇನು?" ಅಂದ. ಆಕೆ ಆ ಕಾಲೇಜುಗಳ ಪಟ್ಟಿಯನ್ನು ಪುಸ್ತಕದೊಳಗೆ ಮಡಚಿಟ್ಟಳು.

ಈಗ ಚಳಿಯ ಚಿಂತೆ. ಆ ಬೆಟ್ಟದ ಊರಲ್ಲಿ ಹಿಮ ಬೀಳುತ್ತೆ. ಮಗಳು ಬಿಸಿಲೂರಿನವಳು. ಏನು ಮಾಡೋದು? ರಾಚಪ್ಪನ ಕೋಲ್ಡ್ ಸ್ಟೋರೇಜು ಇರೋದು ಯಾತಕ್ಕೆ! ಮನೆಮಂದಿಗೆಲ್ಲ ಸ್ವೆಟರು, ಮಫ್ಲರು, ಮಂಗನ ಟೋಪಿ ತರಿಸಿದ. ದಿನಾ ಸಂಜೆ ಮಗಳನ್ನು, ಹೆಂಡತಿ ನೀಲವ್ವನನ್ನು ಕರೆದುಕೊಂಡು ಮೆಣಸಿನಕಾಯಿ ಚೀಲಗಳ ನಡುವೆ ಕುರ್ಚಿ ಹಾಕಿ ಕೂರೋದು. ಚಳಿ ಅಭ್ಯಾಸ! ತಾಯಿ ಮಗಳು ನಡುಗ್ತಾ ಸೀನೋದು, ಸೀನ್ತಾ ನಡುಗೋದು.

"ಏನ್ರಿ, ಹೋಗಾಕಿ ಆಕಿ. ನಾ ಯಾಕ ನಡಗಬೇಕು?" ಅಂತ ನೀಲವ್ವ ಕೇಳಿದಳು.

"ನೋಡಾಕ ಹೋಗಂಗಿಲ್ಲೇನು ನಾವು?"

ಊರವರು ಸುಮ್ಮನಿರ್ತಾರೆಯೇ? ರಾಚಪ್ಪ ಸಾಹುಕಾರರು ಮಾಡ್ತಾರೆ ಅಂದರೆ ಏನೋ ಲಾಭ ಇರಬೇಕು ಅಂತ ಅವರೂ ಕಂಬಳಿ ಹೊದ್ದು ಬಂದರು. ಯಾಕೆ ಬಂದಿದ್ದೀರಿ ಅಂದರೆ ಒಬ್ಬರಿಗೂ ಗೊತ್ತಿಲ್ಲ. ಒಬ್ಬ ಮುದುಕ ಮಾತ್ರ ನಿಜ ಹೇಳಿದ: "ಮನ್ಯಾಗ ಸೆಕಿ ಬಾಳ."

ಉತ್ತರ ಬರುವ ದಿನ ಬಂತು. ರಾಚಪ್ಪ ಅಂಗಡಿ ಮುಂದೆ ಪೆಂಡಾಲು ಹಾಕಿಸಿದ. ಬ್ಯಾಂಡ್ ಕರೆಸಿದ. ಮಗಳ ಫೋಟೋ ಇರುವ ಫ್ಲೆಕ್ಸ್ ಕಟ್ಟಿಸಿದ, 'ಅಭಿನಂದನೆಗಳು' ಅಂತ. ಒಳಗೆ ಹೋಳಿಗೆ ಬೇಯ್ತಾ ಇದೆ. ಪೆಂಡಾಲಿನ ನಡುವೆ ದೊಡ್ಡ ಪರದೆ. ವಿಶ್ವವಿದ್ಯಾಲಯದ ಉತ್ತರ ಊರೆಲ್ಲ ಒಟ್ಟಿಗೆ ನೋಡಬೇಕು!

"ಅಪ್ಪಾ, ನಾ ಒಬ್ಬಾಕಿನ ನೋಡ್ತೀನಿ. ಒಳಗ ಹೋಗಿ ನೋಡಿ ಬಂದು ಹೇಳ್ತೀನಿ," ಅಂದಳು ದಾನು. ಎಷ್ಟು ಸಣ್ಣ ಬೇಡಿಕೆ ನೋಡಿ. ರಾಚಪ್ಪ ಏನಂದ? "ಊರಿಗೆಲ್ಲ ಹೇಳೀನಿ ತಂಗಿ, ಈಗ ಹೆಂಗ?" ಅಂದ.

ಪರದೆ ಬೆಳಗಿತು. ಉದ್ದ ಇಂಗ್ಲಿಷು. 'ಅಭಿಮಾನ', 'ಸಂತೋಷ' ಅಂತೆಲ್ಲ ಅರ್ಥ ಬರುವ ಮಾತುಗಳು ಇದ್ದವು. ಜನ ಚಪ್ಪಾಳೆ ತಟ್ಟಿದರು. ವಕೀಲರು ಎದ್ದು ನಿಂತು, ಕನ್ನಡಕ ಸರಿಮಾಡಿಕೊಂಡು, ಓದಿದರು. ಇನ್ನೊಮ್ಮೆ ಓದಿದರು.

"ಏನಂದಾರ್ರಿ?"

"ಹೂಂ ಅಂದಿಲ್ಲ."

ಪೆಂಡಾಲಿನಲ್ಲಿ ಒಬ್ಬ ಅಜ್ಜಿ ಸೆರಗು ಬಾಯಿಗೆ ಹಚ್ಚಿ ಅಳೋಕೆ ಶುರು ಮಾಡಿದಳು.

"ತಡೀ ಯವ್ವಾ. ಊಹೂಂ ಅಂತನೂ ಅಂದಿಲ್ಲ."

ಅಜ್ಜಿ ಅಳು ಅರ್ಧಕ್ಕೆ ನಿಲ್ಲಿಸಿದಳು. "ಮತ್ತ ಏನಂದಾರ?"

"ಮುಂದಕ್ಕ ಹಾಕ್ಯಾರ. ಉಳದವರೆಲ್ಲಾ ಅರ್ಜಿ ಹಾಕಿದ ಮ್ಯಾಲ, ಬ್ಯಾಸಗ್ಯಾಗ, ಇನ್ನೊಮ್ಮೆ ನೋಡ್ತಾರಂತ."

ಈಗ ನೋಡಿ ಫಜೀತಿ. ಸಂತೋಷ ಆದರೆ ಏನು ಮಾಡಬೇಕು, ಜನರಿಗೆ ಗೊತ್ತು. ದುಃಖ ಆದರೆ ಏನು ಮಾಡಬೇಕು, ಅದೂ ಗೊತ್ತು. ಎರಡೂ ಅಲ್ಲದಿದ್ದರೆ? ಬ್ಯಾಂಡಿನ ಮುಖ್ಯಸ್ಥ ಕಹಳೆ ಕೆಳಗಿಳಿಸಿ ಬಂದು ಕೇಳಿದ, "ಯಜಮಾನ್ರ, ಯಾವುದು ಬಾರಸ್ಲಿ? ಲಗ್ನದ್ದೋ, ಮಣ್ಣಿಂದೋ?" ಅವನು ಪಾಪ ಲಗ್ನದ್ದನ್ನೇ ಶವಯಾತ್ರೆಯ ಲಯದಲ್ಲಿ ಬಾರಿಸಿದ. ಅರ್ಧ ಜನ 'ಅಭಿನಂದನೆ' ಅಂತ ರಾಚಪ್ಪನ ಕೈ ಕುಲುಕಿದರು. ಇನ್ನರ್ಧ ಜನ ಅದೇ ಕೈ ಹಿಡಿದು 'ಧೈರ್ಯ ತಗೋರಿ' ಅಂದರು. ಫ್ಲೆಕ್ಸ್ ಇಳಿಸಬೇಕೋ ಬಿಡಬೇಕೋ ಅಂತ ಹತ್ತಿದವನು ಏಣಿ ಮೇಲೇ ಕೂತ.

ಒಳಗಿನಿಂದ ಅಡುಗೆಯವನು ಬಂದ. "ಹೋಳಿಗಿ ಬಡಸೂದೋ ಬ್ಯಾಡೋ?"

ಹಿರಿಯರು ಗುಂಪು ಕೂಡಿ ಚರ್ಚೆ ಮಾಡಿದರು. ಹೋಳಿಗೆ ಬಡಿಸಿದರೆ ಹಬ್ಬ ಆಯಿತು. ಬಡಿಸದಿದ್ದರೆ ಸೂತಕ ಆಯಿತು. ಕೊನೆಗೆ ಒಬ್ಬ ಹಿರಿಯರು ತೀರ್ಪು ಕೊಟ್ಟರು. ಏನು ತೀರ್ಪು? "ಹೋಳಿಗಿ ಬಡಸ್ರಿ. ತುಪ್ಪ ಬ್ಯಾಡ."

ನಗ್ತೀರಿ. ನಗಿ, ನಗಿ. ಆದರೆ ಇಷ್ಟು ಹೊತ್ತೂ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ನೀವೂ ಕೇಳಲಿಲ್ಲ! ಬ್ಯಾಂಡ್ ನೋಡಿದಿರಿ, ಹೋಳಿಗೆ ನೋಡಿದಿರಿ. ಆ ಹುಡುಗಿ ಎಲ್ಲಿ?

ಆ ಪ್ರಶ್ನೆ ಮೊದಲು ಹೊಳೆದದ್ದು ನೀಲವ್ವನಿಗೆ. "ದಾನು ಎಲ್ಲಿ ಅದಾಳ್ರಿ?" ಅಂದಳು. ಮನೆಯಲ್ಲಿ ಇಲ್ಲ, ಮಾಳಿಗೆ ಮೇಲೆ ಇಲ್ಲ, ಗೆಳತಿಯರ ಮನೆಯಲ್ಲಿ ಇಲ್ಲ. ಫೋನು ಅಡುಗೆಮನೆಯ ಕಟ್ಟೆ ಮೇಲೇ ಬಿದ್ದಿದೆ. ರಾಚಪ್ಪನಿಗೆ ಊರಾಚೆಯ ಬಾವಿ ನೆನಪಾಯಿತು. ರೈಲು ಹಳಿ ನೆನಪಾಯಿತು. ಪೇಪರಿನಲ್ಲಿ ಓದಿ ಮಡಚಿಟ್ಟ ಸುದ್ದಿಗಳೆಲ್ಲ ಒಂದೊಂದಾಗಿ ನೆನಪಾದವು. ಇಷ್ಟು ವರ್ಷ ಎಲ್ಲವನ್ನೂ ಮೊದಲೇ ಯೋಚಿಸಿದ ಮನುಷ್ಯ, ಇದನ್ನೊಂದು ಯೋಚಿಸಿರಲಿಲ್ಲ. ಮಫ್ಲರು ಎಲ್ಲಿ ಬಿತ್ತೋ, ಚಪ್ಪಲಿ ಎಲ್ಲಿ ಬಿತ್ತೋ, ರಸ್ತೆಯಲ್ಲಿ ಒಣಹಾಕಿದ ಮೆಣಸಿನಕಾಯಿ ತುಳೀತಾ ಓಡಿದ. ಬ್ಯಾಂಡಿನವರು ಏನೋ ಮೆರವಣಿಗೆ ಅಂದುಕೊಂಡು ಬಾರಿಸ್ತಾ ಹಿಂದೆ ಓಡಿದರು. ಅವರನ್ನು ಬೈದು ಕಳಿಸೋಕೂ ಅವನಿಗೆ ಉಸಿರು ಇರಲಿಲ್ಲ.

ಕೋಲ್ಡ್ ಸ್ಟೋರೇಜಿನ ಬಾಗಿಲು ಓರೆಯಾಗಿತ್ತು. ಒಳಗೆ ಚೀಲಗಳ ಸಂದಿಯಲ್ಲಿ ಮಂಗನ ಟೋಪಿ ಹಾಕಿಕೊಂಡು ದಾನು ಕೂತಿದ್ದಳು. ಅಳ್ತಾ ಇದ್ದಳು.

ರಾಚಪ್ಪ ಬಾಗಿಲು ಹಿಡಿದು ನಿಂತ. "ಇಲ್ಲಿ ಯಾಕ ಕುಂತಿ, ತಂಗಿ?" ಅಂದ.

"ಇಲ್ಲಿ ಅತ್ತರ ಯಾಕ ಅಂತ ಯಾರೂ ಕೇಳಂಗಿಲ್ಲ. ಮೆಣಸಿನಕಾಯಿ ಘಾಟು ಅಂತ ತಿಳಕೋತಾರ."

ಅವನು ನೆಲದ ಮೇಲೆ ಮಗಳ ಪಕ್ಕ ಕೂತ. "ಬ್ಯಾಸಗ್ಯಾಗ ನೋಡ್ತಾರಂತಲ್ಲ. ಮತ್ತ್ಯಾಕ ಅಳತಿ?"

"ಅವರು ತಡಾ ಮಾಡಿದ್ದಕ್ಕ ಅಳಾಕತ್ತಿಲ್ಲಪ್ಪಾ. ಬೇಜಾರು ಆಗೇತಿ, ಖರೆ. ಆದರ ಅದಕ್ಕಲ್ಲ. ನಿನ್ನ ಮುಖ ನೋಡಿದೆ."

"ನನ್ನ ಮುಖಕ್ಕ ಏನಾಗಿತ್ತು?"

"ಒಳ್ಳೇ ಮಾಲು ಅಂತ ತಗೊಂಡ ಚೀಲ ಬಿಚ್ಚಿದಾಗ ಒಳಗ ಕಲ್ಲು ಸಿಕ್ಕರ ನಿನ್ನ ಮುಖ ಹೆಂಗ ಆಗತೈತಲ್ಲ? ಹಂಗ ಆಗಿತ್ತು."

ನೋಡಿ. ಇಲ್ಲಿ ಸ್ವಲ್ಪ ನಿಲ್ಲೋಣ. ಆ ಮಾತು ರಾಚಪ್ಪನಿಗೆ ಎಲ್ಲಿ ತಾಕಿರಬೇಕು? ಸಾವಿರಾರು ಚೀಲ ಬಿಚ್ಚಿದವನು ಅವನು. ಆ ಮುಖ ಅವನಿಗೆ ಒಳಗಿನಿಂದ ಗೊತ್ತು. ಮಗಳು ಸುಳ್ಳು ಹೇಳಿರಲಿಲ್ಲ.

ಆಮೇಲೆ ಅವನು ಕೇಳಿದ, "ಸೀನಿನ ಬಗ್ಗೆ ಅಂದ್ಯಲ್ಲ. ಏನ್ ಬರದಿದ್ದಿ ಅದರಾಗ?"

"ನಿನ್ನ ಬಗ್ಗೆ ಬರದಿದ್ದೆ. ಊರಾಗ ಎಲ್ಲಾರೂ ಸೀನತಾರ, ನೀ ಸೀನಂಗಿಲ್ಲ. ಕಣ್ಣಾಗ ನೀರೂ ಬರಂಗಿಲ್ಲ. ನಿನ್ನ ಮೂಗಿಗೆ ಖಾರ ಹೋಗೂದ ನಿಂತೈತೋ, ಇಲ್ಲಾ ಹೋದರೂ ನಿನಗ ಗೊತ್ತಾಗವಲ್ದೋ? ಅದು ಹೆಂಗ ಆಗತೈತಿ ಅಂತ ಕಲೀಬೇಕಾಗೈತಿ ನನಗ. ಅಷ್ಟ."

ರಾಚಪ್ಪನ ಕಣ್ಣಲ್ಲಿ ನೀರು ತುಂಬಿತು. ಮೆಣಸಿನಕಾಯಿಗೆ ಅವನ ಕಣ್ಣಲ್ಲಿ ನೀರು ಬರೋದು ನಿಂತು ಎಷ್ಟೋ ವರ್ಷ ಆಗಿತ್ತು. ದಾನು ಅದನ್ನು ನೋಡಿದಳು. ತನ್ನ ಟೋಪಿ ತೆಗೆದು ಅವನ ಕೈಗೆ ಕೊಟ್ಟಳು, ಒರೆಸಿಕೊಳ್ಳಲಿ ಅಂತ.

"ಹಸಿವ್ಯಾಗೇತೇನು?" ಅಂದ.

"ಆಗೇತಿ."

"ಬ್ಯಾರೇ ಕಾಲೇಜಿಗೆ ಅರ್ಜಿ ಹಾಕಾಕ ದಿನಾ ಅದಾವೇನು ಇನ್ನೂ?"

"ಅದಾವು. ನೀ ಬ್ಯಾಡ ಅಂದಿದ್ದಿ."

"ನನಗೇನು ಗೊತ್ತಾಗತೈತಿ. ಹಾಕು. ಮೊದಲ ಉಂಡು ಹಾಕು."

ಅಲ್ಲಿಗೆ ರಾಚಪ್ಪ ಪೂರ್ತಿ ಬದಲಾದನೇ? ಎಲ್ಲಿ ಸಾಧ್ಯ! ಮಾರನೆಯ ದಿನವೇ ಆ ವಿಶ್ವವಿದ್ಯಾಲಯದ ದೊಡ್ಡವರಿಗೆ ಒಂದು ಲಾರಿ ಒಳ್ಳೆಯ ಮೆಣಸಿನಕಾಯಿ ಕಳಿಸೋಣ ಅಂದ. ಮಗಳು ಬೇಡ ಅಂದಳು. ಹೋಗಲಿ, ಅವರ ಗೇಟಿನ ಮುಂದೆ ನಾನೇ ಹೋಗಿ ಕೂರ್ತೀನಿ, ಹೇಗೂ ಚಳಿ ಅಭ್ಯಾಸ ಆಗಿದೆ ಅಂದ. ಅದೂ ಬೇಡ ಅಂದಳು. 'ನನಗೆ ಈಗಲೂ ಅಲ್ಲಿಗೆ ಬರುವ ಆಸೆ ಇದೆ, ಈಚೆಗೆ ಇಷ್ಟಿಷ್ಟು ಓದಿದೆ' ಅಂತ ಒಂದು ಸಣ್ಣ ಪತ್ರ ತಾನೇ ಬರೆದು ಹಾಕಿದಳು. ಬೇರೆ ಕಾಲೇಜುಗಳಿಗೆ ಅರ್ಜಿ ಬರೆದಳು. ಬರೆದು ಪರೀಕ್ಷೆಗೆ ಓದೋಕೆ ಕೂತಳು. ರಾಚಪ್ಪ ಬಾಗಿಲ ತನಕ ಬರ್ತಿದ್ದ. 'ಏನರ ಬಂತೇನು?' ಅಂತ ಕೇಳೋಕೆ ಬಾಯಿ ತೆರೀತಿದ್ದ. ನೀಲವ್ವ ಒಳಗಿನಿಂದ ಕೆಮ್ಮುತ್ತಿದ್ದಳು. 'ಚಾ ಬೇಕೇನು ತಂಗಿ?' ಅಂತ ಮಾತು ತಿರುಗಿಸ್ತಿದ್ದ. ಉತ್ತರ ಬರೋ ತನಕ ಆ ಹುಡುಗಿ ಕುಡಿದ ಚಹಾಕ್ಕೆ ಲೆಕ್ಕ ಇಲ್ಲ.

ಬೇಸಗೆಯಲ್ಲಿ ಉತ್ತರ ಬಂತು. ಈ ಸಲ ಪೆಂಡಾಲು ಇಲ್ಲ, ಪರದೆ ಇಲ್ಲ. ದಾನು ಕೋಣೆಯಲ್ಲಿ ಒಬ್ಬಳೇ ನೋಡಿದಳು. ಅಡುಗೆಮನೆಗೆ ಬಂದು ಹೇಳಿದಳು, "ಇಲ್ಲ ಅಂದಾರ."

ಹೌದು, ಇಲ್ಲ ಅಂದರು. ಕಥೆ ಹೇಳೋ ಸ್ವಾಮಿ ಕೊನೆಗೆ ಹೂಂ ಅನ್ನಿಸ್ತಾನೆ ಅಂತ ಕಾದಿದ್ದಿರಿ ಅಲ್ಲವೇ? ಅನ್ನಿಸಬಹುದಿತ್ತು, ನನ್ನದೇನು ಹೋಗ್ತಿತ್ತು? ಆದರೆ ನಿಮ್ಮಲ್ಲಿ ಬಹಳ ಮನೆಗಳಿಗೆ ಬರೋದು ಊಹೂಂ. ನಾನು ಹೂಂ ಹೇಳಿ ಕಳಿಸಿದರೆ ನಾಳೆ ನೀವು ಏನು ಮಾಡ್ತೀರಿ?

ಆ ದಿನ ದಾನು ಸ್ವಲ್ಪ ಅತ್ತಳು. ಅಡುಗೆಮನೆಯಲ್ಲೇ ಅತ್ತಳು, ಕೋಲ್ಡ್ ಸ್ಟೋರೇಜಿಗೆ ಹೋಗಲಿಲ್ಲ. ಅಪ್ಪ ಅವ್ವ ಪಕ್ಕದಲ್ಲಿ ಕೂತಿದ್ದರು. ಅತ್ತಾದ ಮೇಲೆ ಊಟ ಮಾಡಿದಳು. ಮುಂದೆ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರಕ್ಕೆ ಸೀಟು ಸಿಕ್ಕಿತು, ಹೋದಳು. ಆ ಕಾಲೇಜಿನ ಹೆಸರು ಹೇಳಿದರೆ ನಿಮ್ಮಲ್ಲಿ ಅರ್ಧ ಜನ 'ಅದೆಲ್ಲಿ ಬರತೈತಿ?' ಅಂತೀರಿ. ಅಲ್ಲೂ ಪ್ರಯೋಗಶಾಲೆ ಇದೆ. ಅಲ್ಲೂ ಪ್ರಶ್ನೆ ಕೇಳಿದರೆ ಖುಷಿಪಡುವ ಮೇಷ್ಟರು ಇದ್ದಾರೆ.

ಒಂದು ದಿನ ಒಬ್ಬ ವ್ಯಾಪಾರಿ ಅಂಗಡಿಗೆ ಬಂದು ತುಂಬಿದ ಜನರ ಮುಂದೆ ಕೇಳಿದ, "ಅಲ್ರೀ ಸಾಹುಕಾರ್ರ, ನಿಮ್ಮ ಮಗಳು ಎಲ್ಲಿಗ್ಯೋ ದೊಡ್ಡ ವಿಶ್ವವಿದ್ಯಾಲಯಕ್ಕ ಹೋಗಾಕಿ ಇದ್ಲಲ್ಲ, ಏನಾತು?" ಅಂಗಡಿಯಲ್ಲಿ ಎಲ್ಲರ ಕಿವಿ ನೆಟ್ಟಗಾದವು. ರಾಚಪ್ಪ ತಲೆ ಎತ್ತಿದ.

"ಕೇಳಿದ್ಲು. ಇಲ್ಲ ಅಂದರು. ಚಾ ಕುಡೀರಿ," ಅಂದ.

ಅಷ್ಟೇ. ಆ ಮನುಷ್ಯ ಕಲಿತದ್ದು ಅಷ್ಟೇ, ಅದಕ್ಕೆ ಒಂದು ವರ್ಷ ಹಿಡಿಯಿತು.

ಈಗ ನಿಮ್ಮ ಕಡೆ ತಿರುಗ್ತೀನಿ. ರಾಚಪ್ಪನನ್ನು ನೋಡಿ ನಕ್ಕಿರಲ್ಲ, ಸರಿಯಾಗಿ ಕೂತುಕೊಳ್ಳಿ. ಇದು ಫಲಿತಾಂಶಗಳ ಕಾಲ. ಪ್ರತಿ ತಿಂಗಳು ಈ ಸಭಾಮಂಟಪದಲ್ಲಿ ಹುಡುಗ ಹುಡುಗಿಯರು ಎಡಗಡೆ ತುಂಬಿರ್ತಾರೆ. ಇವತ್ತು ಎಡಗಡೆ ನೋಡಿ. ನೋಡಿ ಅಂದೆ! ಖಾಲಿ ಜಮಖಾನೆ. ಎಲ್ಲಿ ಹೋದರು ಮಕ್ಕಳು? ದೇವರ ಮೇಲೆ ಸಿಟ್ಟೇ? ನನ್ನ ಪ್ರವಚನ ಉದ್ದ ಅಂತಲೇ? ಅಲ್ಲ. ಬಂದರೆ ನೀವು ಕೇಳ್ತೀರಿ. 'ಏನಾತು? ಎಷ್ಟು ಬಂತು? ಎಲ್ಲಿ ಸಿಕ್ಕಿತು?' ಚಪ್ಪಲಿ ಬಿಡುವ ಜಾಗದಲ್ಲೇ ಹಿಡಿದು ಕೇಳ್ತೀರಿ. ಅದಕ್ಕೆ ಬಂದಿಲ್ಲ.

ಹಾಗಾದರೆ ಕೇಳಬಾರದೇ? ಆಸೆಪಡಬಾರದೇ? ದೊಡ್ಡ ಬಾಗಿಲು ಬಡಿಯಬಾರದೇ? ಬಡೀರಿ. ಎಲ್ಲರಿಗಿಂತ ಮೊದಲು ಹೋಗಿ ಬಡೀರಿ. ಆದರೆ ಅದರ ಜೊತೆಗೆ ಇನ್ನೂ ನಾಲ್ಕು ಬಾಗಿಲು ಬಡಿಯೋಕೆ ಮಗುವಿಗೆ ಬಿಡಿ, ಅಪಶಕುನ ಅಂತ ಕೈ ಹಿಡಿಯಬೇಡಿ. ಮಗು ಬರೆಯಬೇಕಾದ್ದನ್ನು ಮಗುವೇ ಬರೆಯಲಿ. ಉತ್ತರ ಬರೋ ಮೊದಲು ಪೆಂಡಾಲು ಬೇಡ. ನಮ್ಮಲ್ಲಿ ಪೆಂಡಾಲು ಎಲ್ಲಿ ಹಾಕ್ತೀವಿ ಸ್ವಾಮೀಜಿ ಅಂತೀರಿ. ವಾಟ್ಸಾಪಿನಲ್ಲಿ ಹಾಕ್ತೀರಲ್ಲ, ಅದೂ ಪೆಂಡಾಲೇ. ಉತ್ತರ ಬಂದಾಗ ಮಗು ಒಬ್ಬಳೇ ನೋಡ್ತೀನಿ ಅಂದರೆ ಒಬ್ಬಳೇ ನೋಡಲಿ. ಅವಳು ಹೊರಗೆ ಬಂದಾಗ ಒಂದು ಕೆಲಸ ಮಾಡಿ. ಫೋನು ನೋಡಬೇಡಿ, ಅವಳ ಮುಖ ನೋಡಿ. ನಿಮ್ಮ ಮುಖವನ್ನು ಅವಳೂ ನೋಡ್ತಾ ಇರ್ತಾಳೆ, ಮರೀಬೇಡಿ. ಹೂಂ ಅಂದಿರಲಿ, ಊಹೂಂ ಅಂದಿರಲಿ, ಆಮೇಲೆ ನೋಡೋಣ ಅಂದಿರಲಿ, ಹೋಳಿಗೆ ಮಾಡಿದ್ದರೆ ತುಪ್ಪ ಹಾಕೇ ಬಡಿಸಿ.

ಇವತ್ತು ಇಲ್ಲಿ ಪ್ರಸಾದ ತಗೊಳ್ಳೋ ಮೊದಲು ಒಂದು ಡಬ್ಬಿ ತುಂಬಿಸಿಕೊಳ್ಳಿ. ನಾನು ಹೇಳಿದ್ದೀನಿ ಅಂತ ಹೇಳಿ, ಕೊಡ್ತಾರೆ. ಮನೆಗೆ ಹೋಗಿ, ಕೋಣೆ ಬಾಗಿಲು ಹಾಕಿಕೊಂಡು ಕೂತಿರೋ ಆ ಮಗುವಿನ ಮುಂದೆ ಇಡಿ. ಬುದ್ಧಿ ಹೇಳಬೇಡಿ. ನನ್ನ ಕಥೆಯನ್ನೂ ಹೇಳಬೇಡಿ. ಅದು ಉಣ್ಣೋ ತನಕ ಪಕ್ಕದಲ್ಲಿ ಕೂತಿರಿ. ಮಾತಾಡಿದರೆ ಕೇಳಿ, ಆಡದಿದ್ದರೆ ಸುಮ್ಮನಿರಿ.

ಏಳಿ ಈಗ. ಮಕ್ಕಳು ಹಸಿದಿರ್ತಾರೆ.